ಸಮುದ್ರವಿಲ್ಲದ ಊರಿನ ಬಂದರುಗಳು

ಸಮುದ್ರವೇ ಇಲ್ಲದ ಊರಿನಲ್ಲಿ ಕೂತು ಬಂದರುಗಳ ಫೋಟೋ ತೆಗೆಯುವ ಹುಚ್ಚು ಹಿಡಿಸಿಕೊಂಡರೆ ಏನೇನು ಆಗಬೇಕೋ ಅದೆಲ್ಲ ನನಗೆ ಆಗಿದೆ. ಇನ್ನೂ ಆಗುತ್ತಲೇ ಇದೆ.

ಬೆಳಗಾವಿಯ ವಡಗಾವಿಯಲ್ಲಿ, ಮಗ್ಗಗಳ ಖಟಖಟ ಸದ್ದಿನ ನಡುವೆ, ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಹೊಟ್ಟೆಪಾಡಿಗೆ ಮದುವೆ, ಬಸುರಿಯರ ಕುಬಸ, ಪಾಸ್‌ಪೋರ್ಟ್ ಅಳತೆಯ ಮುಖಗಳು. ಮನಸ್ಸಿನ ಪಾಡಿಗೆ ಜೆಟ್ಟಿ, ದೋಣಿ, ನದಿಯ ಘಾಟು, ಕೆರೆಯ ದಂಡೆ. ಬಿಡುವು ಸಿಕ್ಕಿತೋ, ಚೋರ್ಲಾ ಘಾಟು ಇಳಿದು ಗೋವಾಕ್ಕೋ ಮಾಲವಣಕ್ಕೋ ಕಾರವಾರಕ್ಕೋ ಓಡುತ್ತೇನೆ. ಅಷ್ಟು ದೂರ ಆಗದಿದ್ದರೆ ಖಾನಾಪುರದ ಮಲಪ್ರಭೆ ಇದ್ದೇ ಇದ್ದಾಳೆ. ತಿರುಗಿ ಬಂದು ಕಂಪ್ಯೂಟರಿನ ಮುಂದೆ ಕೂತರೆ ಊಟದ ನೆನಪೂ ಇರುವುದಿಲ್ಲ. ಆಕಾಶವನ್ನು ಒಂದಿಷ್ಟು ತಿಳಿ ಮಾಡಬೇಕು, ಅಡ್ಡ ಬಂದ ವೈರು ಅಳಿಸಬೇಕು, ಓರೆಯಾದ ಸಮುದ್ರವನ್ನು ನೆಟ್ಟಗೆ ಮಾಡಬೇಕು. ಅಡುಗೆಮನೆಯಲ್ಲಿ ಸಾರು ಉಕ್ಕಿದರೂ ನನ್ನ ಸಮುದ್ರ ಉಕ್ಕಬಾರದು.

"ಅಲ್ರೀ, ನಮ್ಮೂರಾಗ ಸಮುದ್ರ ಎಲ್ಲೈತಿ?" ಎಂದು ಮೊದಮೊದಲು ನಕ್ಕವರೇ ಈಗ ನನ್ನನ್ನು "ಬಂದರ್ ಅಕ್ಕಾ" ಅನ್ನುತ್ತಾರೆ. ಕ್ಯಾಂಪಿನ ಹಿಂದಿ ಮಂದಿಗೆ ಅದು ಮಂಗನ ಹೆಸರಾಗಿ ಕೇಳಿಸುತ್ತದೆ, ಅದು ಬೇರೆ ಮಾತು. ನನಗಂತೂ ಹೆಮ್ಮೆಯೇ.

ಬೆಲ್ಲದ ಬಂದರು

ರವಿವಾರ ಪೇಟೆಯಲ್ಲಿ ಬೆಲ್ಲದ ದೊಡ್ಡ ವ್ಯಾಪಾರದ ಸಾವಕಾರರೊಬ್ಬರಿದ್ದಾರೆ. ಮಗಳ ಮದುವೆಯ ಆಲ್ಬಮ್ಮಿಗೆಂದು ನನ್ನ ಸ್ಟುಡಿಯೋಕ್ಕೆ ಬಂದವರು ಗೋಡೆಯ ಮೇಲಿನ ಮಾಲವಣ ಬಂದರಿನ ಫೋಟೋ ನೋಡಿ ಮರುಳಾದರು. ಬೆಳಗಿನ ಬಿಸಿಲು, ಬಂಗಾರದ ನೀರು, ಸಾಲಾಗಿ ಹೊರಟ ದೋಣಿಗಳು. "ಅಂಗಡ್ಯಾಗ ಗಾದಿ ಹಿಂದ ಇದನ್ನ ಹಾಕ್ರಿ, ಗ್ವಾಡಿ ತುಂಬ" ಎಂದರು. ದೊಡ್ಡದಾಗಿ ಮಾಡಿಸಿ, ಚೌಕಟ್ಟು ಹಾಕಿಸಿ, ನಾನೇ ತಗೊಂಡು ಹೋದೆ.

ಸಾವಕಾರರು ಗಾದಿಯಿಂದ ಎದ್ದು ನಿಂತು ನೋಡಿದರು. ಮುಖ ಸಣ್ಣದಾಯಿತು.

"ಅಕ್ಕಾರ, ಈ ದೋಣಿ ಮಾರಿ ಯಾ ಕಡೆ ಅದಾವು?"

"ಸಮುದ್ರದ ಕಡೆರಿ. ಮುಂಜಾನೆ ಹೊಂಟಾವಲ್ರಿ."

"ಸಮುದ್ರದ ಕಡೆ ಅಲ್ರಿ, ನನ್ನ ಅಂಗಡಿ ಬಾಗಲದ ಕಡೆ ಅದಾವು! ಲಕ್ಷ್ಮಿ ಎದ್ದು ಹೊರಗ ಹೊಂಟಂಗ ಆತಲ್ರೀ. ಇದನ್ನ ತಿರುವ್ರಿ."

ತಿರುವಿದರೆ ದೋಣಿಗಳ ಮೈಮೇಲಿನ ಅಕ್ಷರವೆಲ್ಲ ಉಲ್ಟಾ ಆಗುತ್ತದೆ. ಅಂಥ ಕೆಲಸಕ್ಕೆ ನನ್ನ ಕೈ ಒಪ್ಪುವುದಿಲ್ಲ. ಮತ್ತೊಮ್ಮೆ ಮಾಲವಣಕ್ಕೇ ಹೋದೆ. ದಂಡೆಯ ಮೇಲೆ ಕಾದು ಕೂತು, ತಿರುಗಿ ಬರುವ ದೋಣಿಗಳನ್ನು ಹಿಡಿದೆ. ಮೇಲೆ ಬೆಳ್ಳಕ್ಕಿಯಂಥ ಕಡಲ ಹಕ್ಕಿಗಳು, ಕೆಳಗೆ ನಗುವ ಮುಖಗಳು, ತುಂಬಿದ ಬುಟ್ಟಿಗಳು. ಮೊದಲಿನದಕ್ಕಿಂತ ಹತ್ತು ಪಟ್ಟು ಚೆಂದ.

ಸಾವಕಾರರು ನೋಡಿದವರೇ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡರು. "ಶಿವಶಿವಾ! ಬುಟ್ಟ್ಯಾಗ ಮೀನ ಅದಾವಲ್ರೀ!"

"ಬಂದರದಾಗ ಮತ್ತೇನ ಇರತಾವ್ರಿ, ಸಾವಕಾರ್ರ?"

"ಅವನ್ನ ಅಳಸ್ರಿ." ಕೂಡಲೇ ಕೈ ಅಡ್ಡ ಮಾಡಿ, "ಬ್ಯಾಡ ತಡೀರಿ, ಖಾಲಿ ಬುಟ್ಟಿ ಅಪಶಕುನ" ಎಂದರು. ಗಾದಿಯ ಸುತ್ತಲೂ ಕಣ್ಣಾಡಿಸಿದರು. ಕಣ್ಣು ಒಂದು ಕಡೆ ನಿಂತಿತು. "ಬೆಲ್ಲದ ಪೆಂಟಿ ಹಾಕ್ರಿ."

ಮೊದಲು ನಗು ಬಂತು. ಆಮೇಲೆ ಹಟ ಬಂತು. ಬೆಲ್ಲದ ಪೆಂಟಿ, ಅಂದರೆ ಅಚ್ಚುಗಳನ್ನು ನಮ್ಮ ಮಾಳಿಗೆಯ ಮೇಲೆ ಒಯ್ದು, ಮಾಲವಣದಲ್ಲಿ ಬಿಸಿಲು ಯಾವ ಮಗ್ಗುಲಿಂದ ಬಿದ್ದಿತ್ತೋ ಇಲ್ಲಿಯೂ ಅದೇ ಮಗ್ಗುಲಿಂದ ಬೀಳುವಂತೆ ಇಟ್ಟು, ಮೇಲೆ ಒಂಚೂರು ನೀರು ಚಿಮುಕಿಸಿ ಫೋಟೋ ತೆಗೆದೆ. ಇರುವೆಗಳನ್ನು ಒಂದೊಂದಾಗಿ ಅಳಿಸಿದೆ. ಬುಟ್ಟಿಗಳಲ್ಲಿ ಕೂರಿಸಿ ನೆರಳು ಹಚ್ಚಿದ ಮೇಲೆ ಅವು ಈಗಷ್ಟೇ ಸಮುದ್ರದಿಂದ ಎದ್ದು ಬಂದಂತೆ ಫಳಫಳ ಹೊಳೆದವು. ನಾನು ಮಾಡಿದ ಎಡಿಟಿಂಗ್ ಕೆಲಸಗಳಲ್ಲಿ ಅದಕ್ಕೆ ಈಗಲೂ ಮೊದಲ ಮಣೆ.

ಫೋಟೋ ಗಾದಿಯ ಹಿಂದೆ ಏರಿತು. ಕೆಲವು ದಿನಗಳ ಮೇಲೆ ಕೊಂಕಣದಿಂದ ಬೆಲ್ಲ ಒಯ್ಯಲು ಒಬ್ಬ ಗಿರಾಕಿ ಬಂದನಂತೆ. ಅಪ್ಪ ಅಜ್ಜನ ಕಾಲದಿಂದ ಮೀನು ಹಿಡಿಯುವ ಮನೆತನದವನು. ಮಾತು ಬಿಟ್ಟು ಫೋಟೋವನ್ನೇ ನೋಡುತ್ತ ನಿಂತ. ಹತ್ತಿರ ಹೋದ, ಹಿಂದೆ ಸರಿದ, ಮತ್ತೆ ಹತ್ತಿರ ಹೋದ. ಕಡೆಗೆ ಕೈ ಮುಗಿದು ಕೇಳಿದ:

"ಸಾವಕಾರ್ರ, ಈ ಬಂದರ ಎಲ್ಲೈತಿ ಅಷ್ಟ ಹೇಳ್ರಿ. ನಾವೂ ಬಲಿ ಅಲ್ಲೇ ಹಾಕ್ತೀವಿ. ಬೆಲ್ಲಕ್ಕಂತ ಈ ಘಾಟು ಹತ್ತೂದರ ತಪ್ಪಲಿ!"

ಇನ್ನೊಮ್ಮಿ ಬೀಳು

ನೀರಿನ ಫೋಟೋದಲ್ಲಿ ಒಂದು ಗುಟ್ಟಿದೆ. ನಿಂತು ತೆಗೆದರೆ ನೀರು ಬರೀ ನೀರು. ಮಲಗಿ ತೆಗೆದರೆ ನೀರೊಳಗೆ ಇಡೀ ಊರು.

ಮಳೆಗಾಲ ಮುಗಿದು ಮಲಪ್ರಭೆ ತಿಳಿಯಾದ ಒಂದು ಬೆಳಿಗ್ಗೆ ಖಾನಾಪುರದ ಘಾಟಿಗೆ ಹೋಗಿದ್ದೆ. ಕಟ್ಟಕಡೆಯ ಮೆಟ್ಟಿಲಿನ ಮೇಲೆ ಬೋರಲು ಮಲಗಿ, ಗಲ್ಲವನ್ನು ಕಲ್ಲಿಗೆ ಒತ್ತಿ, ಕ್ಯಾಮೆರಾವನ್ನು ನೀರಿಗೆ ತಾಗಿಯೂ ತಾಗದಂತೆ ಹಿಡಿದು, ಉಸಿರು ಬಿಗಿಹಿಡಿದೆ. ಗಾಳಿ ನಿಂತರೆ ಸಾಕು, ನೀರು ಕನ್ನಡಿ ಆಗುತ್ತಿತ್ತು. ಗಾಳಿ ನಿಲ್ಲಲೊಲ್ಲದು.

ಹಿಂದೆ ಯಾರೋ ಕೊಡ ಕುಕ್ಕಿದ ಸದ್ದು. "ಅಗ ಬಾಯಿ! ಪಡ್ಲಿ ಕಾಯ್ ಹೀ?" ಎಂದು ಮರಾಠಿಯಲ್ಲಿ ಒಂದು ದನಿ. ಅದರ ಬೆನ್ನಿಗೇ ಕನ್ನಡದಲ್ಲಿ ಇನ್ನೊಂದು: "ಬರ್ರೀ ಬರ್ರೀ, ಯಾರೋ ಬಿದ್ದಾಳು!"

ಬಾಯಿ ತೆರೆದರೆ ಕೈ ಅಲುಗುತ್ತದೆ. ಸುಮ್ಮನಿರಿ ಎನ್ನುವಂತೆ ಎಡಗೈಯನ್ನಷ್ಟೇ ಮೇಲೆತ್ತಿ ಆಡಿಸಿದೆ.

"ಕೈ ಬಡಕೊಳ್ಳಾಕತ್ತೈತಿ! ಜೀವ ಐತಿ, ಜೀವ ಐತಿ!"

"ಮೂರ್ಛಿ ಬಂದೈತಿ. ಕೈಯಾಗ ಕಬ್ಬಿಣ ಕೊಡ್ರಿ."

ಎತ್ತಿದ ಕೈಗೆ ಒಂದು ಕೀಲಿಕೈ ಗೊಂಚಲು ಬಂದು ಕೂತಿತು. ಅಷ್ಟರಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಚೀಲದಿಂದ ಉಳ್ಳಾಗಡ್ಡಿ ತೆಗೆದು, ಕಲ್ಲಿನ ಮೇಲಿಟ್ಟು, ಒಂದೇ ಗುದ್ದಿಗೆ ಒಡೆದು ನನ್ನ ಮೂಗಿಗೆ ಹಿಡಿದಳು. ಕಣ್ಣಿಂದ ದಳದಳ ನೀರು.

"ನೋಡ್ರಿ, ಕಣ್ಣೀರ ಬಂತು. ಶುದ್ಧಿ ಬರಾಕತ್ತೈತಿ."

ಆ ಹೊತ್ತಿಗೆ ಸರಿಯಾಗಿ ಗಾಳಿ ನಿಂತಿತು. ಕಣ್ಣು ಕಾಣದಿದ್ದರೂ ಬೆರಳು ಒತ್ತಿತು.

ಎದ್ದು ಕೂತು, ಮೂಗು ಒರೆಸಿಕೊಂಡು, "ನನಗೇನೂ ಆಗಿಲ್ರಿ. ಫೋಟೋ ತಗಿಯಾಕತ್ತಿದ್ದೆ" ಎಂದೆ. ಕೀಲಿಕೈ ಕೊಟ್ಟಾತ ಕೀಲಿಕೈ ತಿರುಗಿ ಇಸಕೊಂಡ. ಅಜ್ಜಿಯ ಮುಖ ಕೆಂಪೇರುತ್ತಿದ್ದುದನ್ನು ಕಂಡು ಬೇಗ ಬೇಗ ಕ್ಯಾಮೆರಾ ಅವಳ ಮುಂದೆ ಹಿಡಿದೆ. ನನಗೇ ಎದೆ ಜುಮ್ಮೆಂದಿತು. ನೀರಿನೊಳಗೆ ಘಾಟಿನ ಕಲ್ಲು, ಮೇಲೆ ನೀಲಿ ಆಕಾಶ, ಅದರ ಸುತ್ತ ಹೂವಿನ ಎಸಳಿನಂತೆ ಬಗ್ಗಿದ ಮುಖಗಳು, ಒಂದೊಂದು ಮುಖದಲ್ಲೂ ಗುರುತಿಲ್ಲದ ಒಬ್ಬ ಹೆಣ್ಣುಮಗಳಿಗಾಗಿ ಗಾಬರಿ. ಅಂಥ ಫೋಟೋವನ್ನು ಹೇಳಿ ನಿಲ್ಲಿಸಿ ತೆಗೆಯಲು ಬರುವುದಿಲ್ಲ.

ಅಜ್ಜಿ ಬಹಳ ಹೊತ್ತು ನೋಡಿದಳು. ಸೆರಗು ಸರಿ ಮಾಡಿಕೊಂಡಳು. ಉಳ್ಳಾಗಡ್ಡಿಯ ಉಳಿದರ್ಧವನ್ನು ಕೈಗೆತ್ತಿಕೊಂಡಳು.

"ಎಲ್ಲಾರೂ ಛಲೋ ಬಂದಾರ. ನನ್ನ ಉಳ್ಳಾಗಡ್ಡಿ ಒಂದ ಸರಿ ಕಾಣಂಗಿಲ್ಲ. ಇನ್ನೊಮ್ಮಿ ಬೀಳ ನೋಡೂಣು, ಯವ್ವಾ."

ರಹಸ್ಯ ಏನೂ ಇಲ್ಲ

ಕರಾವಳಿಯ ಒಂದು ಬಂದರು. ಊರಿನ ಹೆಸರು ಬೇಡ. ಜನ ಓಡಾಡುವ ದಂಡೆಯ ಮೇಲೆ ನಿಂತು ಮಧ್ಯಾಹ್ನವೆಲ್ಲ ಫೋಟೋ ತೆಗೆದಿದ್ದೆ. ಹೊರಡುವ ಹೊತ್ತಿಗೆ ಕಾವಲುಗಾರ ಬಂದ. ಮೀಸೆ ಅಂದರೆ ಮೀಸೆ, ದೋಣಿಯ ಎರಡು ತುದಿಯ ಹಾಗೆ ಮೇಲಕ್ಕೆ ತಿರುಗಿದ್ದು.

"ಯಾವ ಊರು?"

"ಬೆಳಗಾವಿ."

"ಬೆಳಗಾವಿಯವರಿಗೆ ಬಂದರು ಯಾಕೆ?"

ಚೆಂದ ಕಾಣುತ್ತದೆ ಅಂದೆ. ಅದು ಅವನಿಗೆ ಇನ್ನೂ ಅನುಮಾನದ ಮಾತಾಗಿ ಕೇಳಿಸಿತು. "ಎಲ್ಲ ತೋರಿಸಿ. ಬಂದರಿನ ರಹಸ್ಯ ಹೊರಗೆ ಹೋಗಬಾರದು" ಎಂದ.

ಒಂದೊಂದೇ ತೋರಿಸಿದೆ. ದೀಪದ ಕಂಬ ಬಂದ ಫೋಟೋ. "ಅಳಿಸಿ." ಕ್ರೇನು ಬಂದ ಫೋಟೋ. "ಅಳಿಸಿ." ಬಲೆ ಹೊಲಿಯುವ ಅಜ್ಜನ ಫೋಟೋ. "ಆ ಅಜ್ಜನಿಗೆ ಎಲ್ಲ ಗೊತ್ತಿದೆ, ಅಳಿಸಿ." ಇಡೀ ದಿನದ ಬೆವರು, ಬೆರಳ ತುದಿಯಲ್ಲಿ ಒಂದೊಂದೇ ಮಾಯವಾಗುತ್ತಿತ್ತು.

ಕಡೆಗೆ ಒಂದು ಉಳಿಯಿತು. ಬೆಳಕು ಇಳಿಯುವ ಮುಂಚೆ ಬಂದರನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಚೌಕಟ್ಟಿನಲ್ಲಿ ಹಿಡಿದಿದ್ದೆ. ಅಡ್ಡಲಾಗಿ ಯಾರೋ ಬಂದು ನಿಂತಿದ್ದರು. ನೋಡಿದರೆ ಇದೇ ಮಹಾಶಯ. ಗಾಳಿಗೆ ಎದೆಯೊಡ್ಡಿ, ಮೀಸೆ ಮೇಲೆತ್ತಿ, ಹಡಗಿನ ಒಡೆಯನ ಹಾಗೆ ನಿಂತಿದ್ದಾನೆ. ಬೆನ್ನ ಹಿಂದೆ ಸಾಲು ದೋಣಿ, ಕ್ರೇನು, ದೀಪದ ಕಂಬ, ಬಲೆ ಹೊಲಿಯುವ ಅಜ್ಜ, ಎಲ್ಲ.

ಅವನ ದನಿ ಮೆತ್ತಗಾಯಿತು. "ಇದು ಯಾವಾಗ ತೆಗೆದದ್ದು?"

"ಇದನ್ನೂ ಅಳಸಲೇನ್ರಿ?"

"ಛೆ ಛೆ. ಇದು ಇರಲಿ, ಮಾರಾಯ್ರೆ. ಇದರಲ್ಲಿ ರಹಸ್ಯ ಏನೂ ಇಲ್ಲ."

ಕಾರವಾರಕ್ಕೆ ಹೋದ ಎಮ್ಮೆ

ಖಾನಾಪುರದ ಕಡೆಯ ಒಬ್ಬ ಮದುಮಗನಿಗೆ ಮದುವೆಯ ಮುಂಚಿನ ಫೋಟೋ ಬೇಕಿತ್ತು. ದನ, ಹೊಲ ಇರುವ ಮನೆತನ, ಹುಡುಗ ಬೆಳಗಾವಿಯಲ್ಲಿ ನೌಕರಿಗೆ ಇದ್ದಾನೆ. ಹುಡುಗಿಗೆ ಹಿಂದೆ ಸಮುದ್ರ ಬೇಕು, ಹುಡುಗನಿಗೆ ರಜೆ ಇಲ್ಲ. "ಕೆರೆ ದಂಡಿಗೆ ಬರ್ರಿ, ಸಮುದ್ರ ನಾ ಕೊಡ್ತೀನಿ" ಎಂದೆ.

ಅವರ ಊರಿನ ಕೆರೆಯ ದಂಡೆಯ ಮೇಲೆ ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದೆ. ಮನೆಗೆ ಬಂದು ಆ ಕಡೆಯ ಗುಡ್ಡವನ್ನು ತೆಗೆದುಹಾಕಿ ಕಾರವಾರದ ಬಂದರನ್ನು ತಂದು ಕೂರಿಸಿದೆ. ಕೆರೆಯ ನೀರು, ಸಮುದ್ರದ ನೀರು ಎಲ್ಲಿ ಕೂಡುತ್ತವೆ ಎಂದು ನನಗೇ ಹುಡುಕಲು ಬರದಷ್ಟು ನಯ. ಅವರ ಮನೆಯಲ್ಲಿ ಟಿವಿಯ ಮೇಲೆ ಹಾಕಿ ತೋರಿಸಿದಾಗ ನೆಂಟರೆಲ್ಲ ಬಾಯಿ ಮೇಲೆ ಕೈಯಿಟ್ಟರು. "ಎಷ್ಟ ದೂರ ಹೋಗಿ ಬಂದಾರಲ್ಲೋ!" ಎಂದು ಒಬ್ಬ ಕಾಕಾ. ಮದುಮಗ ಇಲ್ಲವೆನ್ನಲಿಲ್ಲ. ನಾನೂ ಅನ್ನಲಿಲ್ಲ.

ಮೂಲೆಯಲ್ಲಿ ಕೂತಿದ್ದ ಮದುಮಗನ ಅಜ್ಜಿ ಮಾತ್ರ ಎದ್ದು ಟಿವಿಯ ಹತ್ತಿರ ಬಂದಳು. ಚಿತ್ರದ ತುದಿಗೆ, ನೀರಿನಲ್ಲಿ, ಒಂದು ಕರಿ ಚುಕ್ಕೆ ಇತ್ತು. ದೂರದ ದೋಣಿ ಅಂದುಕೊಂಡು ನಾನು ಹಾಗೇ ಬಿಟ್ಟಿದ್ದೆ. ಟಿವಿಯ ಮೇಲೆ ದೊಡ್ಡದಾಗಿ ಕಂಡಾಗ ಅದಕ್ಕೆ ಎರಡು ಕೋಡು, ಒಂದು ಕೆಳಗೆ ಬಾಗಿತ್ತು.

"ಇದು ನಮ್ಮ ಎಮ್ಮಿ ಅಲ್ಲೇನ?"

ಮದುಮಗ ನನ್ನ ಮುಖ ನೋಡಿದ. ನಾನು ರಿಮೋಟ್ ಹುಡುಕಿದೆ.

ಅಜ್ಜಿ ತಾನೇ ತಲೆದೂಗಿದಳು. "ಕಾರವಾರಕ್ಕ ಹೋಗಿತ್ತು ಹಂಗಾರ! ಅದಕ್ಕ ಆವತ್ತ ಹಾಲು ಒಂದೀಟ ಉಪ್ಪುಪ್ಪು ಇತ್ತು!"

ಆಯಿ ಒಬ್ಬಾಕಿ

ಒಂದು ದಿನ ಒಬ್ಬರು ಮೊಬೈಲ್ ಹಿಡಿದುಕೊಂಡು ಬಂದರು. ಅಣ್ಣ, ತಮ್ಮ, ನಡುವೆ ಅವರ ಆಯಿ, ಅಂದರೆ ತಾಯಿ. ಪಣಜಿಯ ಜೆಟ್ಟಿಯ ಮೇಲೆ ನಿಂತು ತೆಗೆಸಿಕೊಂಡ ಫೋಟೋ. ಬಂದವರು ಅಣ್ಣ. ಮನೆಯ ಮುಂದೆ ಯಾರ ಕಾರು ನಿಲ್ಲಬೇಕು ಎಂಬ ಮಾತಿಗೆ ಜಗಳವಾಗಿ ಅಣ್ಣ ತಮ್ಮ ಮಾತು ಬಿಟ್ಟಿದ್ದರು. "ಇವನನ್ನ ಅಳಸ್ರಿ" ಎಂದರು, ತಮ್ಮನ ಮುಖದ ಮೇಲೆ ಬೆರಳಿಟ್ಟು.

ಕೆಲಸ ಕೆಲಸವೇ. ತಮ್ಮನನ್ನು ತೆಗೆದು ಅಲ್ಲಿ ಮಾಂಡವಿ ನದಿ ಹರಿಸಿದೆ. ದೂರದಲ್ಲಿ ಒಂದು ಸಣ್ಣ ಫೆರಿ ದೋಣಿಯನ್ನೂ ತೇಲಿಸಿದೆ.

ಅದೇ ವಾರ ತಮ್ಮ ಬಂದ. ಅಣ್ಣ ಬಂದು ಹೋದದ್ದು ಅವನಿಗೆ ಗೊತ್ತಿಲ್ಲ. ಅದೇ ಫೋಟೋ, ಅದೇ ಬೆರಳು, ಮುಖ ಬೇರೆ. "ಇವರನ್ನ ಅಳಸ್ರಿ." ಜಗಳದಲ್ಲೂ ಅಣ್ಣನಿಗೆ ಬಹುವಚನ ಬಿಟ್ಟಿರಲಿಲ್ಲ. ಅಣ್ಣನನ್ನೂ ತೆಗೆದೆ. ಆ ಕಡೆಯೂ ನದಿ ಹರಿಯಿತು.

ಇನ್ನೊಂದು ವಾರಕ್ಕೆ ಆಯಿಯೇ ಬಂದರು. ನೆಟ್ಟಗಿನ ನಡಿಗೆ, ದೊಡ್ಡ ಕುಂಕುಮ. ಎರಡೂ ಫೋಟೋ ನನ್ನ ಮೇಜಿನ ಮೇಲೆ ಹಾಸಿದರು.

"ಇದು ನಿನ್ನ ಕೈಗುಣ ಏನವಾ?"

ಬೈಗುಳಕ್ಕೆ ಸಿದ್ಧಳಾಗಿ ಹೌದೆಂದೆ.

"ಭಾಳ ಛಲೋ ಮಾಡೀದಿ. ಮನಷಾ ಇದ್ದ ಗುರ್ತ ಸುದ್ದಾ ಇಲ್ಲ." ಸೆರಗು ಹೊದ್ದುಕೊಂಡು ಕುರ್ಚಿಯ ಮೇಲೆ ಕೂತರು. "ಈಗ ಒಂದ ಕೆಲಸಾ ಮಾಡು. ಇಬ್ಬರನ್ನೂ ಅಳಸು."

"ಇಬ್ಬರನ್ನೂರಿ?"

"ಹೂಂ. ನನ್ನ ಒಬ್ಬಾಕಿನ್ನ ಬಿಡು. ಮದವಿ ಆದಾಗಿಂದ ಇವರ ಗದ್ದಲದಾಗ ನೀರ ನೋಡೂದ ಆಗಿಲ್ಲ ನನಗ. ನಿಂತು ಆರಾಮ ನೋಡ್ತೀನಿ."

ಅಂಥ ಖುಷಿಯಿಂದ ನಾನು ಯಾವ ಫೋಟೋವನ್ನೂ ಎಡಿಟ್ ಮಾಡಿಲ್ಲ. ಎರಡೂ ಬದಿ ಅಗಲವಾದ ನದಿ, ನಡುವೆ ಆಯಿ, ಮಹಾರಾಣಿಯ ಹಾಗೆ. ಅವರು ಅದಕ್ಕೆ ದೊಡ್ಡ ಚೌಕಟ್ಟು ಹಾಕಿಸಿ, ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಬೀಳುವ ಕಡೆ ತೂಗುಹಾಕಿದರು. ಬಂದ ನೆಂಟರೆಲ್ಲ ಕೇಳತೊಡಗಿದರು, "ಆಯಿ, ಪಣಜಿಗೆ ಒಬ್ಬಾಕಿನ ಹೋಗಿದ್ದ್ಯಾ? ಮಕ್ಕಳು ಬರಲಿಲ್ಲೇನ?"

ಮಕ್ಕಳು ಎಷ್ಟು ದಿನ ತಡೆದಾರು? ಒಂದು ಬೆಳಿಗ್ಗೆ ಸ್ಟುಡಿಯೋದ ಬಾಗಿಲು ತೆಗೆಯುವಷ್ಟರಲ್ಲಿ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು. ಒಂದೇ ಕಾರಿನಲ್ಲಿ ಬಂದಿದ್ದರು.

"ಅಕ್ಕಾರ, ನಮ್ಮಿಬ್ಬರನ್ನೂ ಮತ್ತ ಹಾಕ್ರಿ."

ಹಾಕಿಕೊಟ್ಟೆ. ಸಂಜೆಗೆ ಆಯಿಯ ಫೋನು. ಮೊದಲು ಹರಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಆ ನನ್ನ ಒಬ್ಬಾಕಿ ಫೋಟೋ ತಗದ ಒಗದಿಲ್ಲ ಹೌದಿಲ್ಲೋ? ಜ್ವಾಕಿ ಇಟ್ಟಿರು. ಇವರನ್ನ ಹೇಳಾಕ ಬರಂಗಿಲ್ಲ."

ನಮ್ಮ ಓಣಿಯ ಬಂದರು

ಕ್ಯಾಂಪಿನ ಹಳೆಯ ಬಂಗಲೆಯೊಂದರಲ್ಲಿ ಒಬ್ಬ ನಿವೃತ್ತ ಕ್ಯಾಪ್ಟನ್ ಇದ್ದಾರೆ. ಸರಕು ಹಡಗು ನಡೆಸುತ್ತ ಜಗತ್ತನ್ನೆಲ್ಲ ಸುತ್ತಿ ಬಂದವರು. ನನ್ನ ಫೋಟೋಗಳನ್ನು ಕಂಡು, "ಇವನ್ನ ಜನಾ ನೋಡಬೇಕವಾ" ಎಂದು ತಮ್ಮ ಬಂಗಲೆಯ ಪಡಸಾಲೆಯನ್ನೇ ಬಿಟ್ಟುಕೊಟ್ಟರು. ಅದು ನನ್ನ ಮೊದಲ ಪ್ರದರ್ಶನ. ಯಾರೂ ಬರದಿದ್ದರೆ ಹೇಗೆ, ಬಂದು ನಕ್ಕರೆ ಹೇಗೆ ಎಂಬ ಚಿಂತೆಯ ದಿನಗಳು. ನನಗಿಂತ ಧೈರ್ಯ ನಮ್ಮ ಅತ್ತೆಯದು. ಮಗ್ಗದ ಮುಂದೆ ಜೀವನ ಕಳೆದ ಹೆಣ್ಣುಮಗಳು. ಇಳಕಲ್ಲ ಸೀರೆ ಉಟ್ಟು, "ಫೋಟೋ ಕಾಯಾಕ ಒಬ್ಬರು ಬೇಕಲ್ಲ" ಎಂದು ಪಡಸಾಲೆಯ ತುದಿಗೆ ಕುರ್ಚಿ ಹಾಕಿಸಿಕೊಂಡು ಕೂತರು.

ಆ ತುದಿಯಲ್ಲೇ ನಾನು ಒಂದು ಫೋಟೋ ತೂಗುಹಾಕಿದ್ದೆ. "ಹೆಸರಿಲ್ಲದ ಬಂದರು" ಎಂದಷ್ಟೇ ಬರೆದಿದ್ದೆ. ಮಳೆ ಬಿಟ್ಟ ಸಂಜೆ, ಕೇಸರಿ ಆಕಾಶ, ಅಲುಗದ ನೀರು. ನೀರಿನ ಉದ್ದಕ್ಕೂ ಮನೆಗಳ ದೀಪ ಬಂಗಾರದ ಗೆರೆಯಾಗಿ ಇಳಿದಿವೆ. ನೀಲಿ ತಾಡಪತ್ರಿ ಹೊದ್ದ ಒಂದು ದೋಣಿ, ಮೇಲೆ ಬಣ್ಣಬಣ್ಣದ ಪತಾಕೆಗಳು. ಇಡೀ ಪ್ರದರ್ಶನದಲ್ಲಿ ಕಂಪ್ಯೂಟರಿನ ಕೈ ತಾಗದ ಫೋಟೋ ಅದೊಂದೇ.

ಕ್ಯಾಪ್ಟನ್ ಒಂದೊಂದೇ ಫೋಟೋದ ಮುಂದೆ ನಿಲ್ಲುತ್ತ, "ಇದು ವೆಂಗುರ್ಲಾ, ಇದು ಕಾರವಾರ" ಎನ್ನುತ್ತ ಬಂದರು. ಕಡೆಯದರ ಮುಂದೆ ನಿಂತರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಇಲ್ಲಿಗೆ ನಾ ಹೋಗಿಲ್ಲ. ಎಂಥಾ ಶಾಂತ ಬಂದರ! ಇಲ್ಲೆ ನೀರ ಎಷ್ಟ ಆಳ ಇರಬಹುದು?"

ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಹೇಳಿದರು: "ಮೊಣಕಾಲ ಮಟಾರಿ. ಆಟೋ ಹಾದ್ರ ತೊಡಿ ಮಟಾ ಬರತೈತಿ."

"ಆಟೋ?"

"ಹೂನ್ರಿ. ಅಕಾ ನೋಡ್ರಿ, ಆ ದೀಪ ಕಾಣತೈತಲ್ರಿ, ಅದು ನಮ್ಮ ಅಡಗಿಮನಿ. ಅದು ದೋಣಿ ಅಲ್ರಿ, ಬಾಜೂ ಮನಿಯವರ ಕೈಗಾಡಿ. ಪತಾಕಿ ಅಲ್ರಿ, ಬಣ್ಣಾ ಹಾಕಿ ಒಣ ಹಾಕಿದ ನೂಲು. ಮಳಿ ಬಂದಾಗೊಮ್ಮೆ ಮೋರಿ ಕಟ್ಟಿ ನಮ್ಮ ಓಣಿ ಹಿಂಗ ತುಂಬತೈತಿ."

ಕ್ಯಾಪ್ಟನ್ ಗೋಡೆ ಹಿಡಿದುಕೊಂಡು ನಕ್ಕರು. ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, "ಮೋರಿ ವಿಷಯ ನಿಮ್ಮ ವಾರ್ಡಿನ ಮೆಂಬರಗ ಹೇಳಿಲ್ಲೇನ್ರಿ?" ಎಂದರು.

"ಹೇಳಿ ಹೇಳಿ ಬಾಯಿ ಬತ್ತೇತ್ರಿ. 'ನೋಡೂಣು' ಅಂತಾನ. ನೋಡಾಕ ಮಾತ್ರ ಬರವಲ್ಲ."

"ಇವತ್ತ ಉದ್ಘಾಟನಾಕ ಬರತಾನಲ್ಲ. ಯಾರೂ ಏನೂ ಹೇಳಬ್ಯಾಡ್ರಿ."

ಮೆಂಬರ್ ಬಂದ. ಬಿಳಿ ಅಂಗಿ, ಹಿಂದೆ ನಾಲ್ಕು ಜನ. ಕ್ಯಾಪ್ಟನ್ ಕೈ ಹಿಡಿದು ಅವನನ್ನು ನೇರ ಆ ಫೋಟೋದ ಮುಂದೆ ನಿಲ್ಲಿಸಿದರು. "ನಾ ಜಗತ್ತೆಲ್ಲಾ ತಿರಗೀನಿ ಸಾಹೇಬ್ರ. ಖರೇ ಹೇಳ್ತೀನಿ, ಇಂಥಾ ಬಂದರ ಎಲ್ಲೂ ನೋಡಿಲ್ಲ." ಒಂದು ಅಕ್ಷರವೂ ಸುಳ್ಳಲ್ಲ. ಮೆಂಬರ್ ತಲೆ ಓರೆ ಮಾಡಿ ನೋಡಿದ, ಬಾಯಿ ಚಪ್ಪರಿಸಿದ, ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡ. ಆಮೇಲೆ ಮೈಕು ಹಿಡಿದ.

"ಬಂಧುಗಳೇ, ಈ ಅಕ್ಕಾರು ನಮ್ಮ ವಾರ್ಡಿನ ಹೆಮ್ಮೆ. ಆ ಕಡೇ ಫೋಟೋ ನೋಡಿ ನನಗ ಒಂದ ವಿಚಾರ ಬಂತು. ಎಲ್ಲೋ ಪರದೇಶದಾಗ ಇಂಥಾ ಬಂದರ ಐತಿ ಅಂದ್ರ ನಮ್ಮಲ್ಲಿ ಯಾಕ ಇಲ್ಲ? ನಾವೇನ ಕಮ್ಮಿ? ನಿಮ್ಮ ಆಶೀರ್ವಾದ ಒಂದ ಇರಲಿ, ನಮ್ಮ ವಾರ್ಡಿನಾಗ ಇಂಥಾದ್ದೊಂದು ನಾ ಮಾಡಿಸೇ ಮಾಡಸ್ತೀನಿ!"

ಅವನ ಜೊತೆಗಿದ್ದವರು ಚಪ್ಪಾಳೆಗೆ ಕೈ ಎತ್ತಿದರು. ಅಷ್ಟರಲ್ಲಿ ಪಡಸಾಲೆಯ ತುದಿಯಿಂದ ಅತ್ತೆ ಎದ್ದು ನಿಂತು ಎರಡೂ ಕೈ ಜೋಡಿಸಿದರು.

"ಬ್ಯಾಡೋ ಯಪ್ಪಾ! ಇನ್ನೊಂದ ಬ್ಯಾಡ! ಒಂದ ಮಾಡಿಸಿದ್ದ ಸಾಕಾಗೇತಿ!"

ನಮ್ಮ ಓಣಿಯ ಹೆಣ್ಣುಮಕ್ಕಳು ಮೊದಲು ನಕ್ಕರು, ಆಮೇಲೆ ಕ್ಯಾಪ್ಟನ್, ಆಮೇಲೆ ಇಡೀ ಪಡಸಾಲೆ. ಮೆಂಬರ್ ಫೋಟೋದ ಹತ್ತಿರ ಓಡಿದ, ಬಗ್ಗಿ ನೋಡಿದ. ಫೋಟೋದ ಮೂಲೆಯಲ್ಲಿ, ಮನೆಯೊಂದರ ಗೋಡೆಯ ಮೇಲೆ, ದೀಪದ ಬೆಳಕಿನಲ್ಲಿ, ಅವನದೇ ಹಬ್ಬದ ಶುಭಾಶಯದ ಬ್ಯಾನರ್ ನೀರಿನೊಳಗೂ ಕೈ ಮುಗಿಯುತ್ತಿತ್ತು. ಇವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಕಿವಿ ಕೆಂಪಾದರೂ ಅವನೂ ನಕ್ಕ. ಮರುವಾರವೇ ಓಣಿಯಲ್ಲಿ ಗುದ್ದಲಿಯ ಸದ್ದು ಕೇಳಿಸಿತು. ಹಳೆಯ ಮೋರಿ ಕಿತ್ತು ದೊಡ್ಡ ಪೈಪು ಹಾಕಿಸಿದ, ತಾನೇ ನಿಂತು ಹಾಕಿಸಿದ. ಎಷ್ಟೋ ಸಮುದ್ರಗಳನ್ನು ನೆಟ್ಟಗೆ ಮಾಡಿದವಳು ನಾನು; ನನ್ನ ಒಂದು ಫೋಟೋ ಓಣಿಯನ್ನು ನೆಟ್ಟಗೆ ಮಾಡಿದ್ದು ಅದೇ ಮೊದಲು.

ಮುಂದಿನ ಮಳೆಗಾಲದ ಮೊದಲ ದೊಡ್ಡ ಮಳೆ ಬಿದ್ದ ದಿನ ಕ್ಯಾಪ್ಟನ್ ಫೋನು ಮಾಡಿದರು. "ಹೆಂಗೈತವಾ ನಿಮ್ಮ ಬಂದರ?"

ಅತ್ತೆ ನನ್ನ ಕೈಯಿಂದ ಫೋನು ಕಸಿದುಕೊಂಡು, ಊರಿಗೆಲ್ಲ ಕೇಳುವಂತೆ ಹೇಳಿದರು:

"ಬಂದರ ಬಂದ್ ಆಗೇತ್ರಿ, ಕ್ಯಾಪ್ಟನ್ ಸಾಹೇಬ್ರ! ಇನ್ನ ಹಡಗಾ ತರೂದ ಬ್ಯಾಡ. ನಡಕೋತ ಬರ್ರಿ ಚಹಾಕ್ಕ!"